ಕಣ್ಣಿಗೆ ಬಳ್ಳಾರಿ, ಕಾಗದಕ್ಕೆ ಕರ್ನೂಲು
ದೃಷ್ಟಿ ಹೋದ ಮೇಲೆ ಮುಂದೇನು? ಆದೋನಿ ಸೀಮೆಯ ಕನ್ನಡ ಮನೆಗಳು ತಿಳಿದಿರಬೇಕಾದ ದಾರಿಗಳು

ಆದೋನಿ: ಕಣ್ಣು ಮಂಜಾಯಿತು ಎಂದರೆ ಆಲೂರು, ಹೊಳಗುಂದ, ಹಾಲಹರ್ವಿ ಸೀಮೆಯ ಕನ್ನಡ ಮನೆಯವರು ಮೊದಲು ನೆನೆಯುವುದು ಬಳ್ಳಾರಿಯನ್ನು. ಕೋಸಿಗಿ, ಕೌತಾಳಂ, ಮಂತ್ರಾಲಯ ಕಡೆಯವರಿಗೆ ತುಂಗಭದ್ರೆ ದಾಟಿದರೆ ರಾಯಚೂರು ಸಿಗುತ್ತದೆ. ಅಲ್ಲಿ ಡಾಕ್ಟರ ಮುಂದೆ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಬಹುದು. ಅವರು ಹೇಳಿದ್ದು ಜೊತೆಗೆ ಬಂದ ಅಜ್ಜಿಗೂ ತಿಳಿಯುತ್ತದೆ. ರಾತ್ರಿ ಉಳಿಯಲು ಬೀಗರ ಮನೆಯೂ ಇರುತ್ತದೆ.

ಅಲ್ಲಿಯವರೆಗೆ ತೊಂದರೆ ಇಲ್ಲ. ತೊಡಕು ಶುರುವಾಗುವುದು ‘ಇನ್ನು ಇದಕ್ಕಿಂತ ಜಾಸ್ತಿ ಕಾಣಿಸೋದಿಲ್ಲ’ ಎಂಬ ಮಾತು ಡಾಕ್ಟರ ಬಾಯಿಂದ ಬಂದ ಮೇಲೆ. ಆ ಮಾತು ಕೇಳಿ ಊರಿಗೆ ಬಂದವರು ಮನೆಯ ಮೂಲೆ ಹಿಡಿಯುತ್ತಾರೆ. ‘ಕಣ್ಣೇ ಹೋದ ಮೇಲೆ ಇನ್ನೇನೈತಿ’ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಔಷಧಿಯ ದಾರಿ ಮುಗಿದ ಜಾಗದಲ್ಲೇ ತರಬೇತಿ, ಕೋಲು, ಬ್ರೈಲ್, ಪಿಂಚಣಿ, ಓದು, ಕೆಲಸ ಎಂಬ ಇನ್ನೊಂದು ದಾರಿ ಶುರುವಾಗುತ್ತದೆ ಎಂದು ಹೇಳುವವರು ಗಡಿಯ ಹಳ್ಳಿಗಳಲ್ಲಿ ಕಡಿಮೆ. ಮಗು ಶಾಲೆಯಿಂದ ದೂರ ಉಳಿದ ವರ್ಷಗಳು, ದುಡಿಯುವ ವಯಸ್ಸಿನವರು ಮಂಚದ ಮೇಲೆ ಕಳೆದ ವರ್ಷಗಳು ತಿರುಗಿ ಬರುವುದಿಲ್ಲ.

ಗಡಿಯ ಇನ್ನೊಂದು ಎಡವಟ್ಟು ಕಾಗದದ್ದು. ಚಿಕಿತ್ಸೆ ಎಲ್ಲಿ ಬೇಕಾದರೂ ಪಡೆಯಬಹುದು. ಆದರೆ ಆಂಧ್ರದ ಪಿಂಚಣಿಗೆ ಬಳ್ಳಾರಿಯ ಆಸ್ಪತ್ರೆ ಚೀಟಿ ನಡೆಯುವುದಿಲ್ಲ. ಎರಡು ದಾರಿಯನ್ನೂ ಬೇರೆ ಬೇರೆಯಾಗಿ ತಿಳಿದುಕೊಂಡ ಮನೆಗೆ ಅಲೆದಾಟ ಕಡಿಮೆ.

1953ರ ಗೆರೆ

ಈ ಅಲೆದಾಟಕ್ಕೆ ಚರಿತ್ರೆಯ ಕಾರಣವೂ ಇದೆ. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಈ ಮೂರು ತಾಲ್ಲೂಕು ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಕಚೇರಿ ಬದಲಾಯಿತು, ಆದರೆ ಜನರ ನಡೆ ಬದಲಾಗಲಿಲ್ಲ. ಹೆಣ್ಣು ಕೊಡುವುದು ತರುವುದು, ಸಂತೆ, ಆಸ್ಪತ್ರೆ ಎಲ್ಲ ಹಳೆಯ ದಾರಿಯಲ್ಲೇ ನಡೆದಿದೆ.

ಅಜ್ಜ ಅಜ್ಜಿಗೆ ಕನ್ನಡ ಅಕ್ಷರ ಮಾತ್ರ ಬರುತ್ತದೆ ಅಥವಾ ಯಾವ ಅಕ್ಷರವೂ ಬರುವುದಿಲ್ಲ. ಮೊಮ್ಮಕ್ಕಳು ತೆಲುಗು ಓದುತ್ತಾರೆ. ಸರ್ಕಾರದ ನೋಟಿಸು ತೆಲುಗಿನಲ್ಲಿ ಬರುತ್ತದೆ. ಕಣ್ಣು ಕಾಣದ ಹಿರಿಯರಿರುವ ಮನೆಯಲ್ಲಿ ಆ ನೋಟಿಸನ್ನು ಓದಿ ಹೇಳುವವರು ಊರಲ್ಲಿ ಇಲ್ಲದಿದ್ದರೆ ಗಡುವು ದಾಟಿಹೋಗುತ್ತದೆ. ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರು, ಹೈದರಾಬಾದಿಗೆ ವಲಸೆ ಹೋಗುವ ಮನೆಗಳಲ್ಲಿ ಇದು ಇನ್ನೂ ಕಷ್ಟ.

ಮೊದಲು ತಿಳಿಯಬೇಕಾದದ್ದು

ಕಾಣದಿರುವ ಕಣ್ಣೆಲ್ಲ ಹೋದ ಕಣ್ಣಲ್ಲ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರಲ್ಲಿ ಶೇ 1.99 ಮಂದಿಗೆ ಅಂಧತ್ವವಿತ್ತು. ಅದರಲ್ಲಿ ಶೇ 66.2ಕ್ಕೆ ಕಾರಣ ಕಣ್ಣಿನ ಪೊರೆ. ಅಂದರೆ ಮೂವರಲ್ಲಿ ಇಬ್ಬರ ತೊಂದರೆ ಆಪರೇಷನ್‌ನಿಂದ ಸರಿಹೋಗುವಂಥದ್ದು. ಪೊರೆ ಆಪರೇಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ‘ಪೊರೆ ಹಣ್ಣಾಗಲಿ’ ಎಂದು ವರ್ಷಗಟ್ಟಲೆ ಕಾಯುವ ಹಳೆಯ ರೂಢಿಯನ್ನು ಈಗಿನ ಡಾಕ್ಟರುಗಳು ಒಪ್ಪುವುದಿಲ್ಲ.

ಗ್ಲಾಕೋಮಾ ಹಾಗಲ್ಲ. ಅದು ನೋವಿಲ್ಲದೆ ಬದಿಯ ನೋಟವನ್ನು ಕಸಿಯುತ್ತಾ ಬರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು. ‘ಹನಿ ಹಾಕಿದರೂ ಏನೂ ಫರಕು ಕಾಣಲಿಲ್ಲ’ ಎಂದು ನಿಲ್ಲಿಸಿಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಆ ಹನಿ ಇರುವುದು ನೋಟ ಹೆಚ್ಚಿಸಲು ಅಲ್ಲ, ಇರುವ ನೋಟ ಉಳಿಸಲು. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಒಳಪರದೆ ತೋರಿಸಿಕೊಳ್ಳಬೇಕು.

ಹೊಲದಲ್ಲಿ ಹತ್ತಿಗಿಡದ ಕಡ್ಡಿಯೋ ಜೋಳದ ಸುಂಕೋ ಕಣ್ಣಿಗೆ ಬಡಿದಾಗ ಎಲೆಯ ರಸ, ಎದೆಹಾಲು ಹಿಂಡುವುದರಿಂದ ಹುಣ್ಣಾಗಿ ಕರಿಗುಡ್ಡೆ ಬೆಳ್ಳಗಾಗುವುದುಂಟು. ಹೀಗೆ ಬೆಳ್ಳಗಾದ ಕೆಲವು ಕಣ್ಣುಗಳಿಗೆ ದಾನವಾಗಿ ಬಂದ ಕಾರ್ನಿಯಾ ಕಸಿ ಮಾಡಿದರೆ ನೋಟ ಬರುತ್ತದೆ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಗಡಿಯಾಚೆಯ ಕನ್ನಡ ಮನೆಗಳಿಗೂ ಗೊತ್ತಿರುವ ಸಂಗತಿ.

ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ ಎಂದು ಒಳಸಂಬಂಧದಲ್ಲೇ ಮದುವೆ ನಡೆಯುವ ಈ ಸೀಮೆಯಲ್ಲಿ ವಂಶಪಾರಂಪರ್ಯದ ಕಣ್ಣಿನ ಕಾಯಿಲೆಗಳನ್ನೂ ಗಮನಿಸಬೇಕು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂಥದ್ದೊಂದು. ಸಂಜೆಯಾದರೆ ಮಗು ತಡವರಿಸುತ್ತದೆ, ಕತ್ತಲಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಮನೆಯವರು ‘ನೋಡ್ಕೊಂಡು ನಡಿ’ ಎಂದು ಗದರುತ್ತಾರೆ. ಗದರುವ ಬದಲು ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರನ್ನೂ ತೋರಿಸಿಕೊಂಡು ಬರುವುದು ಒಳ್ಳೆಯದು.

ಸದರಂ ಎಂಬ ಬಾಗಿಲು

ಆಂಧ್ರದಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಜನ ಹೇಳುವ ಹೆಸರು ಸದರಂ. 2019ರಲ್ಲಿ ಗ್ರಾಮ ಸಚಿವಾಲಯ ಎಂಬ ಹೆಸರಿನಲ್ಲಿ ಶುರುವಾದ ಊರಿನ ಕಚೇರಿಯಲ್ಲಿ ಅಥವಾ ಮೀಸೇವಾದಲ್ಲಿ ಸ್ಲಾಟ್ ವಿಚಾರಿಸಿ, ಹೇಳಿದ ದಿನ, ಹೇಳಿದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕರ್ನೂಲಿನಲ್ಲಿ ಸರ್ಕಾರಿ ಪ್ರಾದೇಶಿಕ ಕಣ್ಣಿನ ಆಸ್ಪತ್ರೆಯೇ ಇದೆ. ಹೋಗುವಾಗ ಆಧಾರ್ ಜೊತೆಗೆ ಬಳ್ಳಾರಿ, ರಾಯಚೂರಿನ ಹಳೆಯ ಚೀಟಿ, ಆಪರೇಷನ್ ಕಾಗದ, ಸ್ಕ್ಯಾನ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಒಯ್ಯಬೇಕು. ಆ ಚೀಟಿಗಳು ಪ್ರಮಾಣಪತ್ರ ಆಗದಿದ್ದರೂ ಕಾಯಿಲೆ ಯಾವಾಗಿಂದ ಇದೆ, ಏನು ಚಿಕಿತ್ಸೆಯಾಗಿದೆ ಎಂದು ತೋರಿಸಲು ಬೇಕಾಗುತ್ತವೆ.

ಲೆಕ್ಕ ಹಾಕುವ ಕ್ರಮ ಗೊತ್ತಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ ಪ್ರಕಾರ ಕನ್ನಡಕ ಹಾಕಿಕೊಂಡ ಮೇಲೂ ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ನೋಟ 3/60ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅಂಧತ್ವ. ಅದಕ್ಕಿಂತ ಮೇಲೆ, 6/18ರ ಕೆಳಗೆ ಇದ್ದರೆ ಮಂದದೃಷ್ಟಿ. ಬಹುತೇಕ ಸವಲತ್ತುಗಳಿಗೆ ಕನಿಷ್ಠ ಶೇ 40 ಬೇಕು.

ಇಲ್ಲೇ ಹಲವರಿಗೆ ನಿರಾಸೆಯಾಗುತ್ತದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ ಬರುವುದು ಶೇ 30 ಮಾತ್ರ. ‘ಒಂದು ಕಣ್ಣೇ ಇಲ್ಲ, ಆದರೂ ಕೊಡಲಿಲ್ಲ’ ಎಂದು ದಲ್ಲಾಳಿಗಳ ಹಿಂದೆ ಬಿದ್ದು ದುಡ್ಡು ಕಳೆದುಕೊಳ್ಳುವ ಬದಲು, ಉಳಿದ ಕಣ್ಣಿನ ತಪಾಸಣೆಯನ್ನು ತಪ್ಪಿಸದೆ ಮಾಡಿಸಿಕೊಳ್ಳುವುದು ಜಾಣತನ.

ಈ ಪ್ರಮಾಣಪತ್ರದ ಜೊತೆಗೆ ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಬೇಕು. ಕಾಯಿದೆಯ ಪ್ರಕಾರ ಪ್ರಮಾಣಪತ್ರ ಇಡೀ ದೇಶದಲ್ಲಿ ನಡೆಯುತ್ತದೆ. 2024ರ ತಿದ್ದುಪಡಿಯಿಂದ ಕಾರ್ಡಿಗೆ ಮೂರು ಬಣ್ಣ ಬಂದಿದೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕೆಲಸಕ್ಕೆಂದು ಬೆಂಗಳೂರಿಗೆ ಹೋದವರಿಗೂ, ಬಳ್ಳಾರಿ ಕಾಲೇಜಿಗೆ ಸೇರುವ ಹುಡುಗರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹಾಗೆಂದು ಎಲ್ಲ ಸವಲತ್ತೂ ಗಡಿ ದಾಟುವುದಿಲ್ಲ. ಪಿಂಚಣಿ, ಬಸ್ ಪಾಸು ಆಯಾ ರಾಜ್ಯದವು. ರೈಲಿನ ರಿಯಾಯಿತಿ ಮಾತ್ರ ದೇಶಕ್ಕೆಲ್ಲ ಒಂದೇ. ದೃಷ್ಟಿ ಪೂರ್ತಿ ಇಲ್ಲದವರಿಗೂ ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್, ಸೆಕೆಂಡ್ ಕ್ಲಾಸಿನಲ್ಲಿ ಶೇ 75 ರಿಯಾಯಿತಿ ಇದೆ.

ಒಂದನೇ ತಾರೀಖಿನ ಆರು ಸಾವಿರ

2024ರ ಜುಲೈಯಿಂದ ಆಂಧ್ರದ ಎನ್‌ಟಿಆರ್ ಭರೋಸಾ ಯೋಜನೆಯಲ್ಲಿ ಅಂಗವಿಕಲರ ಪಿಂಚಣಿ 3,000 ರೂಪಾಯಿಯಿಂದ 6,000 ರೂಪಾಯಿಗೆ ಏರಿತು. ತಿಂಗಳ ಮೊದಲ ದಿನ ಮನೆ ಬಾಗಿಲಿಗೇ ತಂದುಕೊಡುವ ಪದ್ಧತಿ ಇದೆ. 15,000 ರೂಪಾಯಿ ಸಿಗುತ್ತದೆ ಎಂದು ಕೆಲವರು ಹೇಳುವುದು ಕೇಳಿಬರುತ್ತದೆ. ಅದು ಹಾಸಿಗೆ, ಗಾಲಿಕುರ್ಚಿ ಬಿಟ್ಟು ಏಳಲಾಗದವರಿಗೆ ಇಟ್ಟ ಮೊತ್ತ, ದೃಷ್ಟಿದೋಷಕ್ಕೆ ಅಲ್ಲ.

ವಲಸೆ ಹೋಗುವ ಮನೆಗಳಿಗೆ ಉಪಯೋಗವಾಗುವ ಬದಲಾವಣೆಯೊಂದು 2024ರ ಕೊನೆಯಲ್ಲಿ ಬಂತು. ಎರಡು ತಿಂಗಳು ಊರಲ್ಲಿ ಇಲ್ಲದೆ ಪಿಂಚಣಿ ತಪ್ಪಿದರೆ ಮೂರನೇ ತಿಂಗಳು ಒಟ್ಟಿಗೆ ಪಡೆಯಬಹುದು. ಅದಕ್ಕೂ ಮೀರಿ ದೂರ ಉಳಿಯುವುದಾದರೆ ಮೊದಲೇ ಸಚಿವಾಲಯದಲ್ಲಿ ವಿಚಾರಿಸಿಕೊಂಡು ಹೋಗಬೇಕು.

2025ರಲ್ಲಿ ಅಂಗವಿಕಲರ ಪಿಂಚಣಿಗಳ ಮರುಪರಿಶೀಲನೆ ನಡೆಯಿತು. ಮತ್ತೆ ತಪಾಸಣೆಗೆ ಬನ್ನಿ ಎಂದು ಹಲವರಿಗೆ ನೋಟಿಸು ಹೋಯಿತು. ತೆಲುಗು ಬಾರದ ಹಿರಿಯರ ಮನೆಗಳು ಇಂಥ ಕಾಗದ ಬಂದ ದಿನವೇ ಶಾಲೆಯ ಮಕ್ಕಳಿಂದಲೋ ಮೇಷ್ಟ್ರಿಂದಲೋ ಓದಿಸಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು.

ಎರಡು ಭಾಷೆಗೆ ಒಂದೇ ಚುಕ್ಕಿ

ಮಗುವಿಗೆ ಕಣ್ಣು ಕಾಣದಿದ್ದರೆ ಮನೆಯವರು ಕೇಳುವ ಮೊದಲ ಪ್ರಶ್ನೆ, ಕನ್ನಡ ಕಲಿಸಬೇಕೋ ತೆಲುಗು ಕಲಿಸಬೇಕೋ ಎನ್ನುವುದು. ಈ ವಿಷಯದಲ್ಲಿ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವಿದೆ. ಫ್ರಾನ್ಸಿನ ಲೂಯಿ ಬ್ರೈಲ್ ರೂಪಿಸಿದ ಆರು ಚುಕ್ಕಿಗಳ ಲಿಪಿಯನ್ನು ಭಾರತದ ಭಾಷೆಗಳಿಗೆ ಹೊಂದಿಸಿದ ಭಾರತೀ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಅದರಲ್ಲಿ ಚುಕ್ಕಿಗಳು ಅಕ್ಷರದ ಆಕಾರವನ್ನಲ್ಲ, ಧ್ವನಿಯನ್ನು ಹಿಡಿಯುತ್ತವೆ. ಒಂದು ಮತ್ತು ಮೂರನೇ ಚುಕ್ಕಿ ಎದ್ದಿದ್ದರೆ ಕನ್ನಡದಲ್ಲೂ ‘ಕ’, ತೆಲುಗಿನಲ್ಲೂ ‘ಕ’. ಒಂದು, ಮೂರು, ನಾಲ್ಕು ಎದ್ದಿದ್ದರೆ ಎರಡರಲ್ಲೂ ‘ಮ’.

ಹೀಗಾಗಿ ತೆಲುಗು ಬ್ರೈಲ್ ಕಲಿತ ಮಗು, ಮನೆಯಲ್ಲಿ ಕನ್ನಡ ಮಾತು ಇದ್ದರೆ ಕನ್ನಡದ ಬ್ರೈಲ್ ಪುಸ್ತಕವನ್ನೂ ಬೇಗ ಹಿಡಿಯಬಲ್ಲದು. ಕಣ್ಣಿರುವ ಮಕ್ಕಳಂತೆ ಎರಡು ಲಿಪಿ ಕಲಿಯುವ ಕಷ್ಟ ಅದಕ್ಕಿಲ್ಲ. ತೆಲುಗು ಶಾಲೆಗೆ ಹಾಕಿದರೆ ಕನ್ನಡ ಕೈತಪ್ಪುತ್ತದೆ ಎಂಬ ಹೆದರಿಕೆಯಿಂದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದಕ್ಕೆ ಅರ್ಥವಿಲ್ಲ.

ಆಂಧ್ರ ಸರ್ಕಾರದ ವಸತಿ ಶಾಲೆಗಳು ಹಿಂದೂಪುರ ಮತ್ತು ಬಾಪಟ್ಲದಲ್ಲಿವೆ. ಬಾಪಟ್ಲದ್ದು ಹೆಣ್ಣುಮಕ್ಕಳ ಶಾಲೆ. ಕರ್ನಾಟಕದಲ್ಲಿ ಮೈಸೂರು, ಹುಬ್ಬಳ್ಳಿ, ಕಲಬುರಗಿ, ದಾವಣಗೆರೆಗಳಲ್ಲಿ ಅಂಧ ಮಕ್ಕಳ ಸರ್ಕಾರಿ ಶಾಲೆಗಳಿವೆ. ದೂರ ಕಳಿಸಲು ಮನಸ್ಸಿಲ್ಲದವರು ಊರ ಶಾಲೆಗೇ ಸೇರಿಸಿ, ಮಂಡಲದ ಭವಿತ ಕೇಂದ್ರದ ವಿಶೇಷ ಶಿಕ್ಷಕರ ನೆರವು ಕೇಳಬಹುದು. ಶೇ 40 ಮೇಲ್ಪಟ್ಟ ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾಯಿದೆ ಕೊಟ್ಟ ಹಕ್ಕು. ‘ನಮ್ಮಲ್ಲಿ ಆಗೋದಿಲ್ಲ’ ಎಂದು ಶಾಲೆಯವರು ವಾಪಸು ಕಳಿಸುವಂತಿಲ್ಲ.

ಪರೀಕ್ಷೆಯ ಮಾತೂ ಇದೆ. 2018ರ ಕೇಂದ್ರದ ಮಾರ್ಗಸೂಚಿ ಬರೆದುಕೊಡುವವರನ್ನು ಅಭ್ಯರ್ಥಿಯೇ ಕರೆತರಲು ಅವಕಾಶ ಕೊಟ್ಟಿತ್ತು. ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹೆಚ್ಚಿನ ಸಮಯವೂ ಸಿಗಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬರೆಯಬಲ್ಲ ಸಹಾಯಕ ಬೇಕಾಗುವುದರಿಂದ ಈ ವಿಷಯವನ್ನು ಪರೀಕ್ಷೆಯ ಹಿಂದಿನ ದಿನಕ್ಕೆ ಬಿಡದೆ ಮೊದಲೇ ಮುಖ್ಯೋಪಾಧ್ಯಾಯರಿಗೆ ಬರೆದುಕೊಡಬೇಕು.

ಬುದ್ಧಿಮಾತು ಎಲ್ಲಿ ಸಿಗುತ್ತದೆ

ಕಣ್ಣು ಕಳೆದುಕೊಂಡವರಿಗೆ ಬೇಕಾದ ಸಲಹೆಯನ್ನು ಚೆನ್ನಾಗಿ ಕೊಡಬಲ್ಲವರು ಅದೇ ದಾರಿಯಲ್ಲಿ ನಡೆದವರು. ಕನ್ನಡ ನಾಡಿಗೆ ಇದು ಹೊಸದಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ಆಸರೆ, ಸಂಗೀತ ಕೊಟ್ಟು ಬೆಳೆಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅವರೂ ಕಣ್ಣಿಲ್ಲದವರೇ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ ಮೇಲೆ ಹೋಗುವ ರೈಲು ಗದಗ ಮುಟ್ಟಿಸುತ್ತದೆ.

ಸಂಗೀತದ ದಾರಿ ಎಲ್ಲರಿಗೂ ಆಗಬೇಕೆಂದಿಲ್ಲ. ಬೆಂಗಳೂರಿನ ಮಿತ್ರ ಜ್ಯೋತಿಯನ್ನು 1990ರಲ್ಲಿ ಕಟ್ಟಿದವರು ಸ್ವತಃ ಅಂಧರಾದ ಮಧು ಸಿಂಘಾಲ್. ಮಾತಾಡುವ ಪುಸ್ತಕ, ಬ್ರೈಲ್ ಮುದ್ರಣ ಅವರ ಕೆಲಸ. 1997ರಲ್ಲಿ ಸಮರ್ಥನಂ ಸಂಸ್ಥೆಯನ್ನು ಶುರುಮಾಡಿದ ಮಹಾಂತೇಶ ಕಿವಡಸಣ್ಣವರ ಅವರೂ ದೃಷ್ಟಿ ಇಲ್ಲದವರು. 1999ರ ಎನೇಬಲ್ ಇಂಡಿಯಾ ಹುಟ್ಟಿದ್ದು ಒಂದು ಮನೆಯ ಕಷ್ಟದಿಂದ. ಶಾಂತಿ ರಾಘವನ್ ಅವರ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾದಿಂದ ಕಣ್ಣು ಹೋಯಿತು. ಅವನಿಗೆ ಓದು, ಕೆಲಸದ ದಾರಿ ಹುಡುಕಿಕೊಟ್ಟ ಅಕ್ಕ, ಭಾವ ಅದನ್ನೇ ಬೇರೆಯವರಿಗೂ ಮಾಡಿಕೊಡುವ ಸಂಸ್ಥೆ ಕಟ್ಟಿದರು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಫೋನು ಬಂದು, ಕನ್ನಡದಲ್ಲಿ ಒಬ್ಬರ ಅನುಭವ ಇನ್ನೊಬ್ಬರು ಕೇಳುವಂಥ ‘ನಮ್ಮ ವಾಣಿ’ಯನ್ನು ಆರಂಭಿಸಿದ್ದೂ ಇದೇ ಸಂಸ್ಥೆ.

ತೆಲುಗು ಮಾತಾಡಬಲ್ಲವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇದೆ. ಅಲ್ಲಿ ಚಿಕಿತ್ಸೆಯ ಜೊತೆಗೆ ಮಂದದೃಷ್ಟಿಯವರಿಗೆ ಭೂತಗನ್ನಡಿ, ದುರ್ಬೀನು ಹೊಂದಿಸಿ ಕೊಡುವ, ನಡೆಯಲು ಕಲಿಸುವ ವಿಭಾಗಗಳೂ ಉಂಟು. ಡೆಹ್ರಾಡೂನಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಿಕಂದರಾಬಾದಿನಲ್ಲಿದೆ. ಕನ್ನಡದಲ್ಲೇ ಮಾತಾಡಬೇಕು ಎನ್ನುವವರಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ‘ನೀವು ಆಂಧ್ರದವರು’ ಎಂಬ ಕಾರಣಕ್ಕೆ ಸಲಹೆ ಕೇಳಲು ಹಿಂಜರಿಯಬೇಕಾಗಿಲ್ಲ.

ಮನೆಯೊಳಗಿನ ಪಾಠ

ದೊಡ್ಡ ಸಂಸ್ಥೆಗೆ ಹೋಗುವ ಮೊದಲೇ ಮನೆಯಲ್ಲಿ ಮಾಡಬಹುದಾದದ್ದು ಬಹಳ ಇದೆ. ನಡೆಸಿಕೊಂಡು ಹೋಗುವಾಗ ಹಿಂದಿನಿಂದ ತಳ್ಳಬಾರದು, ರೆಟ್ಟೆ ಹಿಡಿದು ಎಳೆಯಬಾರದು. ಅವರೇ ನಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ. ಮೆಟ್ಟಿಲು ಬಂದರೆ ‘ಹತ್ತೋದು’ ‘ಇಳಿಯೋದು’ ಎಂದು ಹೇಳಬೇಕು. ‘ಅಲ್ಲೈತಿ ನೋಡು’ ಎನ್ನುವ ಬದಲು ‘ನಿನ್ನ ಎಡಗೈ ಕಡೆ, ಗೋಡೆ ಪಕ್ಕ’ ಎಂದರೆ ಉಪಯೋಗ. ಮಾತಾಡುತ್ತಾ ಎದ್ದುಹೋಗುವಾಗ ‘ನಾ ಹೋಗಿ ಬರ್ತೀನಿ’ ಎನ್ನಬೇಕು, ಇಲ್ಲದಿದ್ದರೆ ಅವರು ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾ ಕೂರುತ್ತಾರೆ.

ನೀರಿನ ಕೊಡ, ಮಂಚ, ಚಪ್ಪಲಿ ದಿನವೂ ಒಂದೇ ಜಾಗದಲ್ಲಿ ಇರಲಿ. ಬಾಗಿಲು ಪೂರ್ತಿ ತೆರೆದಿರಬೇಕು ಇಲ್ಲವೇ ಮುಚ್ಚಿರಬೇಕು, ಅರ್ಧ ತೆರೆದ ಬಾಗಿಲೇ ಹಣೆ ಒಡೆಯುವುದು. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು ಹಾಕಿದರೆ ಅವ್ವ ಮತ್ತೆ ಚಹಾ ಕಾಸಬಲ್ಲಳು. ಸ್ವಲ್ಪ ಕಾಣುವವರಿಗೆ ಮೆಟ್ಟಿಲ ಅಂಚಿಗೆ ದಪ್ಪ ಬಿಳಿ ಸುಣ್ಣದ ಪಟ್ಟಿ ಬಳಿದರೂ ಆಸರೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕೆಲಸ ಕಸಿದುಕೊಳ್ಳಬಾರದು. ‘ನೀ ಕೂಡು, ನಾ ಮಾಡ್ತೀನಿ’ ಎಂಬ ಪ್ರೀತಿಯ ಮಾತೇ ದಿನ ಕಳೆದಂತೆ ಅವರನ್ನು ಮೂಲೆಗೆ ಕೂರಿಸುತ್ತದೆ.

ಮನೆಯಲ್ಲಿರುವ ಸಾಧಾರಣ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟಾಕ್‌ಬ್ಯಾಕ್ ಚಾಲೂ ಮಾಡಿದರೆ ಬೆರಳು ಇಟ್ಟದ್ದನ್ನೆಲ್ಲ ಅದು ಓದಿ ಹೇಳುತ್ತದೆ. ಕನ್ನಡ, ತೆಲುಗು ಎರಡು ಧ್ವನಿಯೂ ಇದೆ. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ‘ಮಣಿ’ ಆ್ಯಪ್ ನೋಟು ತೋರಿಸಿದರೆ ಎಷ್ಟರದ್ದೆಂದು ಹೇಳುತ್ತದೆ, ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಫೋನಿಲ್ಲದಿದ್ದರೂ ನೋಟಿನ ಅಂಚಿನ ಉಬ್ಬು ಗೆರೆಗಳನ್ನು ತಡವಿ ನೋಡಬಹುದು: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಬ್ಯಾಂಕಿನವರು ಕಣ್ಣು ಕಾಣದು ಎಂಬ ಕಾರಣಕ್ಕೆ ಚೆಕ್ ಪುಸ್ತಕ, ಎಟಿಎಂ ಕಾರ್ಡು ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ.

ಗಡಿ ಹಳ್ಳಿಯ ನಾಯಕಿ

ಮನೆಯಲ್ಲಿ ಕೂರಿಸದೆ ಹೊರಗೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಗಡಿಯಲ್ಲೇ ಉದಾಹರಣೆ ಇದೆ. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ಊರು ಆಂಧ್ರದ ಮಡಕಶಿರಾ ಭಾಗದ ಗಡಿ ಹಳ್ಳಿ, ಆಡಿ ಬೆಳೆದದ್ದು ಕರ್ನಾಟಕದ ಪರವಾಗಿ. ಗೆದ್ದು ಬಂದ ಮೇಲೆ ಆಂಧ್ರದ ಉಪಮುಖ್ಯಮಂತ್ರಿಯ ಮುಂದೆ ಅವರು ಇಟ್ಟ ಬೇಡಿಕೆ ತನ್ನೂರಿಗೆ ಒಂದು ರಸ್ತೆ.

ಆದೋನಿ, ಆಲೂರು ಸೀಮೆಯ ಮನೆಗಳಲ್ಲೂ ಇಂಥ ಹುಡುಗ, ಹುಡುಗಿಯರು ಇರಬಹುದು. ಅವರನ್ನು ಈ ವರ್ಷವೇ ಶಾಲೆಗೆ, ತರಬೇತಿಗೆ ಕಳಿಸುವುದು ಮನೆಯವರ ಕೈಯಲ್ಲಿದೆ.

ನೆನಪಿಡಿ

* ಪೊರೆಯೋ ಬೇರೆ ಕಾಯಿಲೆಯೋ ಎಂದು ಮೊದಲು ತಿಳಿಯಿರಿ. ಗ್ಲಾಕೋಮಾ ಹನಿಯನ್ನು ಡಾಕ್ಟರು ಹೇಳದೆ ನಿಲ್ಲಿಸಬೇಡಿ.
* ಚಿಕಿತ್ಸೆ ಬಳ್ಳಾರಿ, ರಾಯಚೂರಿನಲ್ಲಿ ನಡೆದರೂ ಸದರಂ ಪ್ರಮಾಣಪತ್ರಕ್ಕೆ ಊರಿನ ಸಚಿವಾಲಯದಲ್ಲಿ ವಿಚಾರಿಸಿ. ಹಳೆಯ ಚೀಟಿ ಬಿಸಾಡಬೇಡಿ.
* ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ, ಅದು ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ.
* ತೆಲುಗಿನಲ್ಲಿ ನೋಟಿಸು ಬಂದರೆ ಅದೇ ದಿನ ಓದಿಸಿಕೊಳ್ಳಿ.
* ಪ್ರಮಾಣಪತ್ರ, ಪಿಂಚಣಿ ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳಿಗೆ ದುಡ್ಡು ಕೊಡಬೇಡಿ.
* ಡಾಕ್ಟರು ‘ಇನ್ನು ಆಗೋದಿಲ್ಲ’ ಎಂದ ದಿನವೇ ಅವರ ಹತ್ತಿರ ಇನ್ನೊಂದು ಮಾತು ಕೇಳಿ: ‘ತರಬೇತಿಗೆ ಎಲ್ಲಿ ಹೋಗಬೇಕು, ಬರೆದುಕೊಡಿ.’